ಹಲ್ಲು ಉಳಿಯಬೇಕಾದರೆ ಬುಡ ನೋಡಿ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ. ನಾನು ಮಳೆ ನಂಬಿ ಬೇಸಾಯ ಮಾಡುವವ. ಮಳೆಗಾಲಕ್ಕೆ ಭತ್ತ, ಆಮೇಲೆ ಗದ್ದೆಯ ಪಸೆ ನೋಡಿಕೊಂಡು ಶೇಂಗಾ. ಕುಮಟಾ, ಹೊನ್ನಾವರ, ಭಟ್ಕಳ ಕಡೆ ನನ್ನ ಪ್ರಾಯದವರಲ್ಲಿ ಶೇಂಗಾ ಬೆಳೆಯುವವರು ಬೇಕಾದಷ್ಟು ಇದ್ದಾರೆ. ಅದನ್ನು ಜಗಿಯುವ ಹಲ್ಲು ಇರುವವರು ಕಡಿಮೆ.

ಹಲ್ಲು ಹೋಗುವುದು ಹುಳುಕಿನಿಂದ ಅಂತ ನಾವು ತಿಳಿದಿರುತ್ತೇವೆ. ಪ್ರಾಯ ಆದವರಲ್ಲಿ ಬಹಳ ಹಲ್ಲು ಹೋಗುವುದು ಒಸಡಿನಿಂದ. ಇಳಿಜಾರಿನ ಗಿಡದ ಬುಡದ ಮಣ್ಣು ಮಳೆಗೆ ಕೊಚ್ಚಿ ಹೋದರೆ ಗಿಡ ಹಸಿರಿದ್ದರೂ ಬೀಳ್ತದಲ್ಲ, ಹಾಗೆ. ಉಂಡ ಮೇಲೆ ಹಲ್ಲಿನ ಬುಡದಲ್ಲಿ ಮೆತ್ತಗಿನ ಪಾಚಿ ಕಟ್ಟುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ತುಂಬಿರ್ತವೆ. ದಿನಾ ತೆಗೆಯದಿದ್ದರೆ ಕೆಲವೇ ದಿನಗಳಲ್ಲಿ ಅದು ಗಾರೆಯಂತೆ ಗಟ್ಟಿಯಾಗ್ತದೆ. ಆಮೇಲೆ ಬ್ರಶ್ಶಿಗೆ ಬರುವುದಿಲ್ಲ, ಡಾಕ್ಟರರೇ ತೆಗೆಯಬೇಕು. ಮೊದಲು ಒಸಡು ಕೆಂಪಾಗಿ ರಕ್ತ ಬರ್ತದೆ. ಆ ಹಂತದಲ್ಲಿ ನೋಡಿಕೊಂಡರೆ ಪೂರ್ತಿ ಗುಣ ಆಗ್ತದೆ. ಬಿಟ್ಟರೆ ಒಳಗಿನ ಎಲುಬು ಸವೆದು ಹಲ್ಲು ಅಲ್ಲಾಡುತ್ತದೆ. ಸವೆದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ.

ರಕ್ತ ಬಂತು ಅಂತ ಹಲ್ಲು ತಿಕ್ಕುವುದನ್ನೇ ಬಿಡುವವರಿದ್ದಾರೆ. ಅದು ತಿರುಗುಮುರುಗು ಲೆಕ್ಕ. ಮೆತ್ತಗಿನ ಬ್ರಶ್ಶಿನಲ್ಲಿ ಹಗುರವಾಗಿ ತಿಕ್ಕುತ್ತಲೇ ಇರಬೇಕು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ತೋರಿಸಬೇಕು.

ಹಿಂದೆ ನಮ್ಮಲ್ಲಿ ಮಾವಿನ ಎಲೆ, ಬೇವಿನ ಕಡ್ಡಿ, ಇದ್ದಿಲು, ಭತ್ತದ ಹೊಟ್ಟಿನ ಬೂದಿ ಇವೇ ಇದ್ದದ್ದು. ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡರೆ ಪಾಚಿ ಹೋಗ್ತದೆ. ಆದರೆ ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಬೇಡ. ಹೊಟ್ಟಿನ ಬೂದಿ ಹಿತ್ತಾಳೆ ಪಾತ್ರೆ ಬೆಳಗಲಿಕ್ಕೆ ಒಳ್ಳೆಯದು, ಹಲ್ಲಿನ ಮೇಲ್ಪದರ ಮಾತ್ರ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ತಂಬಾಕು ಸೇರಿಸಿದ ಹಲ್ಲಿನ ಪುಡಿ ಮತ್ತು ಪೇಸ್ಟನ್ನು ಸರಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಒಸಡಿಗೆ ನಶ್ಯ ತಿಕ್ಕುವ ಅಭ್ಯಾಸ ಕೆಲವರಿಗಿದೆ. ನೋವು ಮರೆಯುತ್ತದೆ, ರೋಗ ಒಳಗೆ ಬೆಳೆಯುತ್ತದೆ.

ಇನ್ನು ಕವಳದ ಮಾತು. ಅಡಿಕೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅನ್ನ, ಬಂದವರಿಗೆ ಕವಳದ ಬಟ್ಟಲು ಇಡುವುದು ಮರ್ಯಾದೆ. ನಟ್ಟಿಗೆ ಇಳಿದಾಗ ಮೈ ಬೆಚ್ಚಗಿರಲಿ ಅಂತ ಮೇಲಿಂದ ಮೇಲೆ ಹಾಕುವವರು ನಾವೇ. ಆದರೂ ಇದ್ದದ್ದನ್ನು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ತಂಬಾಕು ಇಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗಿನ ಪದರ ಬಿಗಿಯಾಗಿ, ಬಾಯಿ ಪೂರ್ತಿ ತೆರೆಯಲಾಗದ ರೋಗವೂ ಬರ್ತದೆ. ನಮ್ಮ ರಾಜ್ಯದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು. ಆದರೆ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ತಂದು ಅಂಗೈಯಲ್ಲಿ ಬೆರೆಸುವುದು ನಿಂತಿಲ್ಲ. ಪೂರ್ತಿ ಬಿಡುವುದೇ ಒಳ್ಳೆಯದು. ಒಮ್ಮೆಗೇ ಆಗದವರು ಮೊದಲು ತಂಬಾಕು ಬಿಡಿ, ದವಡೆಯಲ್ಲಿ ಕವಳ ಇಟ್ಟುಕೊಂಡು ಮಲಗುವುದನ್ನು ಬಿಡಿ. ಮಕ್ಕಳ ಕೈಗೆ ಅಡಿಕೆ ಚೂರು ಕೊಡಲೇಬೇಡಿ.

ಕೋಲಾರ, ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲಿಗೆ ಕಂದು ಕಲೆ ಬರ್ತದೆ. ನಮ್ಮ ಕಲೆ ಹೆಚ್ಚಾಗಿ ಕವಳದ್ದು, ನಮ್ಮ ಕೈಯಲ್ಲೇ ಇರುವಂಥದ್ದು.

ದಿನಾ ಮಾಡಬೇಕಾದ್ದು ಇಷ್ಟೇ:

1. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, 2 ನಿಮಿಷ ತಿಕ್ಕಬೇಕು. ಒಂದೇ ಸಲ ಆಗುವುದಾದರೆ ರಾತ್ರಿಯದ್ದನ್ನು ಬಿಡಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲಿಗೆ ರಕ್ಷಣೆ ಇಲ್ಲ.

2. ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣಗೆ ಆಡಿಸಿ. ಒಳಮೈ, ಕೊನೆಯ ದವಡೆ ಹಲ್ಲು ಬಿಡಬೇಡಿ. ಎಳೆ ಬಾಗಿದ ಬ್ರಶ್ಶು ಬೇಡ, 3 ತಿಂಗಳಿಗೊಮ್ಮೆ ಹೊಸದು.

3. ಫ್ಲೋರೈಡ್ ಪೇಸ್ಟು ಹುಳುಕು ತಡೆಯುತ್ತದೆ. ದೊಡ್ಡವರು ತಿಕ್ಕಿದ ಮೇಲೆ ಉಗುಳಿದರೆ ಸಾಕು, ನೀರು ಹಾಕಿ ಪೂರ್ತಿ ತೊಳೆಯಬೇಕಿಲ್ಲ. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು. ನುಂಗದಂತೆ ನೋಡಿಕೊಳ್ಳಿ.

4. ಜೋನಿಬೆಲ್ಲ, ಚಾಕಲೇಟು ಹಲ್ಲಿಗೆ ಅಂಟುತ್ತವೆ. ಊಟದ ಜೊತೆಗೇ ತಿಂದು ಮುಗಿಸಿ. ಆಗಾಗ ಚೂರು ಚೂರು ತಿಂದರೆ ಹಾನಿ ಹೆಚ್ಚು.

5. ಅಪ್ಪೆಹುಳಿ, ಮುರುಗಲು ಪಾನಕ ಕುಡಿದ ತಕ್ಷಣ ಹಲ್ಲು ತಿಕ್ಕಬೇಡಿ. ನೀರಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಒಸಡಿನ ರೋಗ ಬೇಗ ಹತ್ತುತ್ತದೆ. ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಬಸುರಿ ಹೆಂಗಸರಿಗೂ ಒಸಡು ಊದುವುದುಂಟು. ಇವರು ಕಾಯದೆ ತೋರಿಸಬೇಕು.

ಬಾಯಲ್ಲಿ 2 ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಖಾರ ತಾಗಿದರೆ ಉರಿ, ಬಾಯಿಗೆ ಮೂರು ಬೆರಳು ಹೋಗದಿರುವುದು, ಇವುಗಳಲ್ಲಿ ಒಂದಿದ್ದರೂ ತಾಲೂಕು ಆಸ್ಪತ್ರೆಗೆ ಹೋಗಿ. ಹಲ್ಲಿನ ಡಾಕ್ಟರರು ಇರುವ ದಿನ ಮೊದಲೇ ಕೇಳಿಕೊಂಡರೆ ಒಂದು ದಿನದ ಕೆಲಸ ಉಳಿಯುತ್ತದೆ. ಕೊಯ್ಲು ಮುಗಿಯಲಿ, ಒಕ್ಕಲು ಮುಗಿಯಲಿ ಅಂತ ಮುಂದೆ ಹಾಕಬೇಡಿ.