ಕೆಸರಿನ ಜಾತ್ರೆಗೆ ಯಾರ ಉಡುಪು?

ಇಂಗ್ಲೆಂಡಿನ ಟ್ಯೂಕ್ಸ್‌ಬರಿಯಲ್ಲಿ ಪ್ರತಿ ಜುಲೈನಲ್ಲೂ ಮಧ್ಯಯುಗದ ಜಾತ್ರೆ ಸೇರುತ್ತದೆ. 1471ರಲ್ಲಿ ಅಲ್ಲಿ ನಡೆದ ಕಾಳಗವನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುತ್ತಾರೆ. ಸೆವರ್ನ್, ಏವನ್ ನದಿಗಳು ಕೂಡುವ ಊರದು. ನಾಲ್ಕು ಹನಿ ಬಿದ್ದರೆ ಹುಲ್ಲುಗಾವಲು ರಾಡಿ. ಅಮೆರಿಕದಲ್ಲಿ ಹ್ಯೂಸ್ಟನ್ ಸಮೀಪದ ಟೆಕ್ಸಸ್ ರೆನೆಸಾನ್ಸ್ ಫೆಸ್ಟಿವಲ್, ಪೆನ್ಸಿಲ್ವೇನಿಯಾದಲ್ಲಿ ಡೇರೆ ಹೂಡಿ ನಡೆಸುವ ಪೆನ್ಸಿಕ್ ಮೇಳಗಳಲ್ಲೂ ಮಳೆ ಬಂದರೆ ಇದೇ ಪಾಡು. ಇಂಥಲ್ಲಿಗೆ ಹಳೆಯ ಕಾಲದ ಉಡುಪು ತೊಟ್ಟು ಹೋಗುವವರು ಒಬ್ಬರಿಗೊಬ್ಬರು ಹೇಳಿಕೊಡುವ ಬುದ್ಧಿಮಾತೊಂದಿದೆ: "ಆ ಕಾಲದ ಉಣ್ಣೆ, ಲಿನನ್ ಎಲ್ಲ ಕೆಸರಿಗೆ ತಡೆಯೋದಿಲ್ಲ, ಒಗೆಯೋಕೂ ಆಗೋದಿಲ್ಲ. ಪಾಲಿಯೆಸ್ಟರ್ ವೆಲ್ವೆಟ್ ತಗೊಳ್ಳಿ, ಮೆಷಿನ್‌ಗೆ ಹಾಕಿದರಾಯಿತು."

ಕೇಳಿದಾಗಲೆಲ್ಲ ನನ್ನ ತಾಳ್ಮೆ ಕೆಡುತ್ತದೆ. ಆ ಕಾಲದ ಯುರೋಪಿನ ಬಹುಪಾಲು ಜನ ಹೊಲ, ಕೊಟ್ಟಿಗೆ, ಮಣ್ಣಿನ ದಾರಿಗಳಲ್ಲೇ ಬದುಕು ಕಳೆದವರು. ಇರುವ ಒಂದೆರಡು ಜೊತೆ ಬಟ್ಟೆ ಕೆಸರು ತಾಗಿದರೆ ಹಾಳಾಗುವಂತಿದ್ದರೆ ಅವರು ಬಾಳುವೆ ಮಾಡಿದ್ದಾದರೂ ಹೇಗೆ?

ಅವರ ಉಡುಪಿನ ಜಾಣತನ ಇರುವುದು ಎರಡು ಪದರಗಳಲ್ಲಿ. ಮೈಗೆ ತಾಗುವುದು ಲಿನನ್ನಿನ ಸಡಿಲ ಒಳಅಂಗಿ. ಮೇಲಿನದು ಉಣ್ಣೆಯ ನಿಲುವಂಗಿ. ಬೆವರೂ ಜಿಡ್ಡೂ ಒಳಅಂಗಿಯ ಪಾಲು. ಅದನ್ನು ಬೂದಿಯ ತಿಳಿನೀರಿನಲ್ಲಿ ನೆನೆಸಿ, ದೊಣ್ಣೆಯಿಂದ ಬಡಿದು, ಹುಲ್ಲಿನ ಮೇಲೆ ಬಿಸಿಲಿಗೆ ಹರಡುತ್ತಿದ್ದರು. ಲಿನನ್ನಿನ ನಾರು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಕುದಿಯುವ ನೀರನ್ನೂ ತಡೆಯುತ್ತದೆ. ಇಂಥ ಬಟ್ಟೆಯನ್ನು ಒಗೆಯಲಾಗದು ಎನ್ನುವವರು ಅದನ್ನು ಒಮ್ಮೆಯೂ ಒಗೆದು ನೋಡಿರಲಾರರು.

ಉಣ್ಣೆಯ ವಿಷಯದಲ್ಲಿ ಅಜ್ಞಾನ ಇನ್ನೂ ಹೆಚ್ಚು. ಆಗಿನ ಒಳ್ಳೆಯ ಉಣ್ಣೆಬಟ್ಟೆಯನ್ನು ನೇಯ್ದ ಮೇಲೆ ನೀರಿನಲ್ಲಿ ತುಳಿದು, ಕುಟ್ಟಿ, ಎಳೆಗಳು ಒಂದಕ್ಕೊಂದು ಬಿಗಿದು ಕೂರುವಂತೆ ಮಾಡುತ್ತಿದ್ದರು. ಜಿಡ್ಡು ತೆಗೆಯಲು ಒಂದು ಬಗೆಯ ಜೇಡಿಮಣ್ಣು ಬಳಸುತ್ತಿದ್ದರು. ನಮ್ಮವರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಅದೇ ಜಾತಿಯದು. ಹೀಗೆ ದಟ್ಟವಾದ ಬಟ್ಟೆಯಲ್ಲಿ ಕೆಸರು ಬಹುಮಟ್ಟಿಗೆ ಮೇಲೆಯೇ ಕೂರುತ್ತದೆ. ಹಸಿಯಿರುವಾಗ ಉಜ್ಜಬಾರದು, ಅಷ್ಟೆ. ಪೂರ್ತಿ ಒಣಗಲು ಬಿಟ್ಟು ಗಡುಸಾದ ಬ್ರಷ್ಷಿನಿಂದ ತಿಕ್ಕಿದರೆ ಪುಡಿಯಾಗಿ ಉದುರುತ್ತದೆ. ಕಲೆ ಉಳಿದರೆ ತಣ್ಣೀರು, ಸೌಮ್ಯವಾದ ಸೋಪು ಸಾಕು. ಉಣ್ಣೆಯನ್ನು ಕೆಡಿಸುವುದು ಬಿಸಿನೀರೂ ಮೆಷಿನ್ನಿನ ಕುಲುಕಾಟವೂ ಸೇರಿದಾಗ. ಎಳೆಯ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಆ ತಪ್ಪನ್ನು ಕೆಸರಿನ ತಲೆಗೆ ಕಟ್ಟುತ್ತಾರೆ. ಮಲೆನಾಡಿನ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದವರ ನಾಡಿನಿಂದ ಹೋದ ನಾವಾದರೂ ಉಣ್ಣೆಗೆ ಮಳೆ ಆಗದು ಎಂಬ ಮಾತನ್ನು ನಂಬಬಾರದಿತ್ತು.

ಪಾಲಿಯೆಸ್ಟರ್ ವೆಲ್ವೆಟ್ಟನ್ನು ಮೆಷಿನ್ನಿಗೆ ಹಾಕಬಹುದು, ನಿಜ. ಆದರೆ ನೆಲ ಗುಡಿಸುವ ಅದರ ಅಂಚಿನ ನವಿರಿನೊಳಗೆ ಹೊಕ್ಕ ಮಣ್ಣು ಸುಲಭಕ್ಕೆ ಬಿಡುವುದಿಲ್ಲ. ಅಂಟು ಹಾಕಿ ಕೂರಿಸಿದ ಜರಿಪಟ್ಟಿ ಒಗೆತಕ್ಕೆ ಕಿತ್ತು ಬರುತ್ತದೆ. ಬೆವರನ್ನಂತೂ ಪಾಲಿಯೆಸ್ಟರ್ ಹೀರುವುದೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇವು ಬೆಂಕಿ ಹಾಕಿಕೊಂಡು ಸುತ್ತ ಕೂರುವ ಮೇಳಗಳು. ಕಿಡಿ ಬಿದ್ದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಕರಕಲಾಗಿ ಸಾಮಾನ್ಯವಾಗಿ ತಾನೇ ಆರುತ್ತದೆ. ಮಕ್ಕಳಿಗೆ ಅಂಥ ಉಡುಪು ಕೊಳ್ಳುವ ತಂದೆತಾಯಂದಿರು ಇದೊಂದನ್ನಾದರೂ ಯೋಚಿಸಬೇಕು.

ತೊಡಕಿನ ಮೂಲ ಬಟ್ಟೆಯಲ್ಲಿಲ್ಲ, ಎಲ್ಲರೂ ರಾಣಿಯೇ ಆಗಬಯಸುವುದರಲ್ಲಿದೆ. ಯಾವ ಶತಮಾನ ಎಂದು ಹುಡುಕುವ ಮೊದಲು ಯಾವ ಕಸುಬು ಎಂದು ಆರಿಸಿಕೊಳ್ಳಿ. ನೆಲಕ್ಕೆ ಎಳೆಯುವ ರೇಷ್ಮೆ ತೊಟ್ಟವರಿಗೆ ಅದನ್ನು ಎತ್ತಿ ಹಿಡಿಯಲು ಆಳುಗಳಿದ್ದರು. ಬ್ರೂಗೆಲ್ 1565ರಲ್ಲಿ ಬರೆದ ಕೊಯ್ಲಿನ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ದುಡಿಯುವವರ ಉಡುಪು ಹೇಗಿತ್ತೆಂದು ಅದರಲ್ಲಿ ನೋಡಬಹುದು. ಅದಕ್ಕೂ ನೂರೈವತ್ತು ವರ್ಷ ಹಿಂದೆ ಲಿಂಬೂರ್ಗ್ ಸೋದರರು ಫ್ರಾನ್ಸಿನ ಡ್ಯೂಕ್ ಒಬ್ಬನಿಗಾಗಿ ಚಿತ್ರಿಸಿದ ಪುಸ್ತಕದ ಜೂನ್ ತಿಂಗಳ ಪುಟದಲ್ಲಿ ಹುಲ್ಲು ಬಾಚುವ ಹೆಂಗಸರು ಮೇಲಂಗಿ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ ನಿಂತಿದ್ದಾರೆ. ಕೆಸರಿನ ದಾರಿಗೆ ಪಾದರಕ್ಷೆಯ ಕೆಳಗೆ ಕಟ್ಟಿಕೊಳ್ಳುವ ಮರದ ಅಟ್ಟೆಯೂ ಆ ಕಾಲದಲ್ಲಿತ್ತು.

ಬಡವರೆಲ್ಲ ಕಂದುಬಣ್ಣವನ್ನೇ ಉಡುತ್ತಿದ್ದರು ಎಂಬುದೂ ಸುಳ್ಳು. ಗಿಡಗಳಿಂದಲೇ ಕೆಂಪು, ನೀಲಿ, ಹಳದಿ ತೆಗೆಯುತ್ತಿದ್ದರು.  

ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಸ್ಮಶಾನದಲ್ಲಿ 1921ರಲ್ಲಿ ಅಗೆದು ತೆಗೆದ ಮಧ್ಯಯುಗದ ಉಣ್ಣೆಯ ಅಂಗಿಗಳು ಕೋಪನ್‌ಹೇಗನ್ನಿನ ಸಂಗ್ರಹಾಲಯದಲ್ಲಿವೆ. ಜನ ದುಡಿದು ಸವೆಸಿದ ನಿಜವಾದ ಬಟ್ಟೆ ಕಣ್ಣೆದುರಿಗಿರುವಾಗ, ಸಿನಿಮಾದ ದರ್ಬಾರನ್ನೂ ಅಂಗಡಿಯ ಚೀಟಿಯನ್ನೂ ಇತಿಹಾಸವೆಂದು ಒಪ್ಪಿಕೊಳ್ಳುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಯಾರೋ ಖಚಿತವಾದ ದನಿಯಲ್ಲಿ ಹೇಳಿದರು ಎಂಬುದೇ ಪುರಾವೆಯಾಗಿಬಿಡುತ್ತದೆ.

ಹೊಲಿಸುವುದಾದರೆ ಎರಡು ಲಿನನ್ ಒಳಅಂಗಿ, ಕಣಕಾಲಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲುವ ಒಂದು ಉಣ್ಣೆಯ ನಿಲುವಂಗಿ, ಮುಂದೆ ಕಟ್ಟಿಕೊಳ್ಳಲು ಲಿನನ್ ಏಪ್ರನ್ ಸಾಕು. ಲಿನನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಆದ್ದರಿಂದ ಕತ್ತರಿ ಹಾಕುವ ಮೊದಲೇ ಬಿಸಿನೀರಿನಲ್ಲಿ ಒಗೆದು ಒಣಗಿಸಿ.