ಅವಧಾನದ ಕೊರತೆ

ಅಷ್ಟಾವಧಾನದ ಸಭೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅವಧಾನಿಗಳ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯೊಂದನ್ನು ಕೊಟ್ಟು ಪೂರಣ ಮಾಡಿಸುತ್ತಾರೆ. ಮತ್ತೊಬ್ಬರು ಇಂಥ ಅಕ್ಷರವನ್ನು ಬಳಸಕೂಡದೆಂದು ನಿಷೇಧಿಸುತ್ತಾರೆ. ಇವರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬವರೊಬ್ಬರುಂಟು. ಅವಧಾನಿಗಳು ಪದ್ಯದ ಪಾದವೊಂದನ್ನು ಮನಸ್ಸಿನಲ್ಲಿ ಕಟ್ಟುತ್ತಿರುವಾಗಲೇ ಊಟದ ಮಾತನ್ನೋ ಮಳೆಯ ಮಾತನ್ನೋ ಎತ್ತಿ ಅವರ ಏಕಾಗ್ರತೆಯನ್ನು ಕೆಡಿಸುವುದೇ ಇವರ ಕೆಲಸ. ಸಭೆ ನಗುತ್ತದೆ. ಅವಧಾನಿಗಳು ತಕ್ಕ ಉತ್ತರ ಕೊಟ್ಟು, ಪದ್ಯವನ್ನು ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಳ್ಳುತ್ತಾರೆ.

ಸಭೆ ಮುಗಿದ ಮೇಲೆ ಅಪ್ರಸ್ತುತ ಪ್ರಸಂಗಿಗಳು ಎದ್ದು ಮನೆಗೆ ಹೋಗುತ್ತಾರೆ. ಆದರೆ ಕೆಲವರ ಮನಸ್ಸಿನೊಳಗೆ ಅಂಥವನೊಬ್ಬ ಬಾಲ್ಯದಿಂದಲೂ ಬೀಡುಬಿಟ್ಟಿರುತ್ತಾನೆ. ಲೆಕ್ಕದ ಮೂರನೆಯ ಹಂತಕ್ಕೆ ಬರುವಷ್ಟರಲ್ಲಿ ಕಿಟಕಿಯಾಚೆಯ ಕಾಗೆಯೊಂದು ಅವರ ಮನಸ್ಸನ್ನು ಸೆಳೆದೊಯ್ಯುತ್ತದೆ. ಹಿಂದಿರುಗಿದಾಗ ಲೆಕ್ಕವನ್ನು ಎಲ್ಲಿ ಬಿಟ್ಟೆವೆಂಬುದೇ ತಿಳಿಯದು. ಅಂಗಡಿಗೆ ಹೋದರೆ ಹೇಳಿದ ನಾಲ್ಕು ಸಾಮಾನುಗಳಲ್ಲಿ ಎರಡು ಮರೆತುಹೋಗುತ್ತವೆ. ಕೊಡೆ ಅಲ್ಲಿಯೇ ಉಳಿಯುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಂದ ಹೊರಬೀಳುತ್ತದೆ. ವೈದ್ಯರು ಇದನ್ನು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಎ.ಡಿ.ಎಚ್.ಡಿ. ಎಂದು ಕರೆಯುತ್ತಾರೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ನಾವು ಹೇಳಬಹುದು. ಲೋಕದಲ್ಲಿ ಒಟ್ಟಾರೆ ನೋಡಿದರೆ ನೂರು ಮಕ್ಕಳಲ್ಲಿ ಸುಮಾರು ಐವರಿಗೂ, ನೂರು ವಯಸ್ಕರಲ್ಲಿ ಇಬ್ಬರು ಮೂವರಿಗೂ ಇದು ಇದೆಯೆಂದು ಅಂದಾಜು.

ಇಂಥವರಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ದೊರೆಯುವ ಬಿರುದುಗಳನ್ನು ನೀವು ಬಲ್ಲಿರಿ: ಸೋಮಾರಿ, ತುಂಟ, ಮೈಗಳ್ಳ. ಹಿಂದೆ ವೈದ್ಯರೂ ಇದಕ್ಕಿಂತ ಹೆಚ್ಚು ಉದಾರವಾಗಿ ಮಾತನಾಡಲಿಲ್ಲ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯರಾದ ಜಾರ್ಜ್ ಸ್ಟಿಲ್ ಎಂಬವರು ಇಂಥ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಮಾಡಿದರು. ಇವರು ಬುದ್ಧಿಹೀನರಲ್ಲವೆಂಬುದನ್ನು ಅವರು ಸರಿಯಾಗಿಯೇ ಗುರುತಿಸಿದರು. ಆದರೆ ತೊಂದರೆಗೆ ಅವರಿಟ್ಟ ಹೆಸರು ನೈತಿಕ ನಿಯಂತ್ರಣದ ದೋಷವೆಂದು! ಹೆಸರು ತಪ್ಪಾದರೆ ಉಪಾಯವೂ ತಪ್ಪುತ್ತದೆ. ನೀತಿಯ ದೋಷವೆಂದ ಮೇಲೆ ಬೆತ್ತವಲ್ಲದೆ ಬೇರೇನು ಹೊಳೆದೀತು?

ಬೇರೆ ದಾರಿ ಕಂಡದ್ದು ಆಕಸ್ಮಿಕವಾಗಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರಿದ್ದರು. ಅಲ್ಲಿ ಮಿದುಳಿನ ಚಿತ್ರ ತೆಗೆಯುವುದಕ್ಕಾಗಿ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಹೊರತೆಗೆಯುತ್ತಿದ್ದರು. ಇದರಿಂದ ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು. ಅದು ಶಮನವಾಗಬಹುದೆಂದು ಬ್ರಾಡ್ಲಿಯವರು ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಕೊಟ್ಟರು. ತಲೆನೋವೇನೋ ಹೆಚ್ಚು ಇಳಿಯಲಿಲ್ಲ. ಆದರೆ ಹಲವು ಮಕ್ಕಳು ತರಗತಿಯಲ್ಲಿ ಶಾಂತರಾಗಿ ಕುಳಿತು ಪಾಠದಲ್ಲಿ ತೊಡಗಿದರು! 1937ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ, ಮೂವತ್ತು ಮಕ್ಕಳಲ್ಲಿ ಹದಿನಾಲ್ವರ ಶಾಲಾಕೆಲಸ ಗಮನಾರ್ಹವಾಗಿ ಸುಧಾರಿಸಿತ್ತು. ಲೆಕ್ಕ ಸುಲಭವಾಯಿತೆಂದು ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಎಂದು ಹೆಸರಿಟ್ಟರಂತೆ. ಉತ್ತೇಜಿಸುವ ಔಷಧದಿಂದ ಚಂಚಲರು ಶಾಂತರಾದುದು ವಿಚಿತ್ರವಾಗಿ ಕಾಣಬಹುದು. ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೀನ್ ಮೊದಲಾದ ರಾಸಾಯನಿಕಗಳು ಇಂಥ ಔಷಧದಿಂದ ಹೆಚ್ಚು ಹೊತ್ತು ದೊರೆಯುತ್ತವೆ. ಮನಸ್ಸಿಗೆ ಕಡಿವಾಣ ಹಾಕುವ ಮಿದುಳಿನ ಭಾಗ ಆಗ ಎಚ್ಚರಗೊಳ್ಳುತ್ತದೆ. ಎಚ್ಚೆತ್ತದ್ದು ಕುದುರೆಯಲ್ಲ, ಸವಾರ.

ಹಾಗಾದರೆ ಒಬ್ಬರಿಗೆ ಈ ತೊಂದರೆ ಉಂಟೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇಲ್ಲಿಯೇ ಕಷ್ಟವಿರುವುದು. ಕಾಮಾಲೆಗೆ ರಕ್ತಪರೀಕ್ಷೆ ಉಂಟು, ಮುರಿದ ಮೂಳೆಗೆ ಎಕ್ಸ್‌ರೇ ಉಂಟು. ಇದಕ್ಕೆ ಅಂಥ ಪರೀಕ್ಷೆ ಯಾವುದೂ ಇಲ್ಲ. ಮಾತ್ರೆ ಕೊಟ್ಟು ನೋಡಿ ನಿರ್ಧರಿಸೋಣವೆಂದರೆ ಅದೂ ಆಗದು, ಏಕೆಂದರೆ ತೊಂದರೆ ಇಲ್ಲದವರ ಗಮನವೂ ಆ ಮಾತ್ರೆಯಿಂದ ಕೊಂಚ ಹೆಚ್ಚಬಹುದು. ಆದುದರಿಂದ ವೈದ್ಯರು ನ್ಯಾಯಾಧೀಶರಂತೆ ಸಾಕ್ಷ್ಯಗಳನ್ನು ಕೂಡಿಸುತ್ತಾರೆ. ತಾಯಿತಂದೆಗಳನ್ನು ಕೇಳುತ್ತಾರೆ, ಉಪಾಧ್ಯಾಯರಿಂದ ಪ್ರಶ್ನಾವಳಿಗೆ ಉತ್ತರ ಬರೆಸಿ ತರಿಸುತ್ತಾರೆ, ಮಗುವಿನೊಡನೆ ಮಾತನಾಡುತ್ತಾರೆ. ಮನೆಯಲ್ಲಿ ಮಾತ್ರ ಅಥವಾ ಒಬ್ಬ ಮೇಷ್ಟರ ತರಗತಿಯಲ್ಲಿ ಮಾತ್ರ ಕಾಣುವ ಚಾಂಚಲ್ಯ ಸಾಲದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸಿದ ಕೈಪಿಡಿಯಂತೆ, ಲಕ್ಷಣಗಳು ಹನ್ನೆರಡು ವರ್ಷ ತುಂಬುವ ಮೊದಲೇ ತೋರಿರಬೇಕು, ಆರು ತಿಂಗಳಾದರೂ ಇರಬೇಕು, ಎರಡು ಕಡೆಗಳಲ್ಲಾದರೂ ಕಾಣಬೇಕು. ಅವುಗಳಿಂದ ಬಾಳಿಗೆ ನಿಜವಾದ ಅಡ್ಡಿಯಾಗುತ್ತಿರಬೇಕು. ಕಿವಿ ಮಂದವಾದ ಮಗು, ಕಣ್ಣು ಕಾಣದ ಮಗು, ರಾತ್ರಿ ನಿದ್ದೆಯಿಲ್ಲದ ಮಗು, ಮನೆಯ ಜಗಳಕ್ಕೆ ಹೆದರಿದ ಮಗು, ಅಕ್ಷರಗಳನ್ನು ಕೂಡಿಸಿ ಓದಲಾರದ ಮಗು, ಇವರೆಲ್ಲರೂ ಗಮನವಿಲ್ಲದವರಂತೆಯೇ ತೋರುತ್ತಾರೆ. ಹೀಗೆ ಬೇರೆ ಕಾರಣಗಳನ್ನು ಒಂದೊಂದಾಗಿ ನೋಡಿ ಬದಿಗಿಡದೆ ಹತ್ತು ನಿಮಿಷದಲ್ಲಿ ಹೆಸರು ಹಚ್ಚುವುದು ಒಳ್ಳೆಯ ವೈದ್ಯಕ್ಕೆ ಒಪ್ಪುವುದಲ್ಲ.

ತಪ್ಪಿಹೋಗುವವರೂ ಇದ್ದಾರೆ. ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕೊನೆಯ ಸಾಲಿನಲ್ಲಿ ಸದ್ದಿಲ್ಲದೆ ಕುಳಿತು ಹಗಲುಗನಸು ಕಾಣುವ ಹುಡುಗಿಯ ತೊಂದರೆ ಯಾರಿಗೂ ಕಾಣುವುದಿಲ್ಲ. ಅವಳು ಗಲಾಟೆ ಮಾಡುವುದಿಲ್ಲ. ಅಂಕಗಳು ಮಾತ್ರ ಇಳಿಯುತ್ತವೆ.

ಚಿಕಿತ್ಸೆ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ತೀರ ಚಿಕ್ಕ ಮಕ್ಕಳಿಗೆ ಮೊದಲು ಔಷಧವಿಲ್ಲ; ತಾಯಿತಂದೆಗಳಿಗೇ ತರಬೇತಿ. ಒಮ್ಮೆಗೆ ಒಂದೇ ಕೆಲಸ ಹೇಳುವುದು, ಮಾಡಿದ ಕೂಡಲೇ ಮೆಚ್ಚುವುದು, ದಿನಚರಿಯನ್ನು ಗೊತ್ತುಪಡಿಸುವುದು ಇತ್ಯಾದಿ. ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಅಗತ್ಯವಿದ್ದರೆ ಮೀಥೈಲ್‌ಫೆನಿಡೇಟ್, ಅಟೊಮಾಕ್ಸಟೀನ್ ಮುಂತಾದ ಔಷಧಗಳನ್ನು ಕೊಡುತ್ತಾರೆ. ಇವು ಮಲೇರಿಯದ ಮಾತ್ರೆಯಂತೆ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಕನ್ನಡಕದಂತೆ, ಹಾಕಿಕೊಂಡಷ್ಟು ಹೊತ್ತು ನೆರವಾಗುತ್ತವೆ. ಹಸಿವು ತಗ್ಗಬಹುದು, ನಿದ್ದೆ ಕೆಡಬಹುದು. ಆದುದರಿಂದ ವೈದ್ಯರು ಕಾಲಕಾಲಕ್ಕೆ ಮಗುವಿನ ಎತ್ತರ, ತೂಕ, ನಾಡಿಬಡಿತ, ರಕ್ತದೊತ್ತಡಗಳನ್ನು ನೋಡುತ್ತಿರುತ್ತಾರೆ. ಪರೀಕ್ಷೆಯ ಕಾಲದಲ್ಲಿ ಗೆಳೆಯನ ಮಾತ್ರೆಯನ್ನು ಕೇಳಿ ನುಂಗುವುದು ಅಪಾಯಕರ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ದೊಡ್ಡ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿಯೂ ಇಂಥ ತಪಾಸಣೆ ನಡೆಯುತ್ತದೆ. ದೂರದ ಹಳ್ಳಿಯವರು ಎಲ್ಲಿಗೆ ಹೋಗಬೇಕೆಂದು ಕೇಳುವುದಕ್ಕೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಬೆಳೆದಂತೆ ಇದು ತಾನಾಗಿಯೇ ಹೋಗುತ್ತದೆಂದು ಬಹುಕಾಲ ನಂಬಿದ್ದರು. ಕೈಕಾಲುಗಳ ಚಡಪಡಿಕೆ ತಗ್ಗುವುದೇನೋ ನಿಜ. ಮನಸ್ಸು ಚದುರುವುದು ಮಾತ್ರ ಹಲವರಲ್ಲಿ ಉಳಿದುಬಿಡುತ್ತದೆ. ತೊಂದರೆಯು ವಂಶದಲ್ಲಿ ಹರಿದುಬರುವಂಥದು. ಹೀಗಾಗಿ ವೈದ್ಯರ ಮುಂದೆ ಒಂದು ಪ್ರಸಂಗ ಮತ್ತೆ ಮತ್ತೆ ನಡೆಯುತ್ತದೆ. ಮಗನನ್ನು ಕರೆತಂದ ತಂದೆಯೊಬ್ಬರು ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತಾ ಹೋಗಿ, ನಡುವೆ ಸುಮ್ಮನಾಗುತ್ತಾರೆ. “ಸ್ವಾಮಿ, ಇದೆಲ್ಲ ನನ್ನ ವಿಷಯವೂ ಹೌದಲ್ಲ!” ಎನ್ನುತ್ತಾರೆ. ನಡುವಯಸ್ಸು ದಾಟಿರುತ್ತದೆ, ಬಿಟ್ಟ ಕೆಲಸಗಳು, ಕಟ್ಟದೆ ಉಳಿದ ಬಿಲ್ಲುಗಳು, ಅರ್ಧಕ್ಕೆ ನಿಂತ ಓದು, ಇವಕ್ಕೆಲ್ಲ ತಾವೇ ಕಾರಣರೆಂದು ಅವರು ಅಷ್ಟು ವರ್ಷ ನಂಬಿರುತ್ತಾರೆ. ಅವರಿಗೂ ತಪಾಸಣೆ ಸಾಧ್ಯ, ಚಿಕಿತ್ಸೆ ಸಾಧ್ಯ. ಆ ವಯಸ್ಸಿನಲ್ಲಿ ಹೃದಯವನ್ನೂ ಒಮ್ಮೆ ಪರೀಕ್ಷಿಸಿ ನೋಡುತ್ತಾರೆ, ಅಷ್ಟೆ. ಬಾಲ್ಯದ ಸಾಕ್ಷ್ಯ ಮಾತ್ರ ಬೇಕೇ ಬೇಕು. ವೈದ್ಯರು ಮಗನ ಕಾಗದಗಳನ್ನು ಬದಿಗಿಟ್ಟು ತಂದೆಯನ್ನು ಕೇಳುತ್ತಾರೆ: “ನಿಮ್ಮ ತಾಯಿಯವರು ಇದ್ದಾರೆಯೇ? ನಿಮ್ಮ ಶಾಲೆಯ ಹಳೆಯ ಅಂಕಪಟ್ಟಿಗಳನ್ನೇನಾದರೂ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆಯೇ?”