ಏದುಸಿರು ಮುಪ್ಪಿನ ಗುಣವಲ್ಲ

ಜಾತ್ರೆಯ ದಿನಗಳಲ್ಲಿ ಗದ್ದುಗೆಯ ದರ್ಶನಕ್ಕೆ ಬರುವ ಭಕ್ತರ ಸಾಲಿನಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತದೆ. ಅರವತ್ತರ ಆಸುಪಾಸಿನ ತಾಯಿಯೊಬ್ಬರು ಮೆಟ್ಟಿಲೇರುತ್ತ ನಡುವೆಯೇ ನಿಂತುಬಿಡುತ್ತಾರೆ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಎದೆಯ ಮೇಲೆ. ಮಗಳು ಗಾಬರಿಯಿಂದ "ಯಾಕವ್ವಾ?" ಎಂದರೆ, "ಏನಿಲ್ಲವಾ, ವಯಸ್ಸಾತು, ದಮ್ಮು ಹತ್ತೇತಿ" ಎಂಬ ಉತ್ತರ ಬರುತ್ತದೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆದರೆ ಮಾತು ಆರಂಭವಾಗಬೇಕಾದದ್ದೇ ಅಲ್ಲಿಂದ. ಆ ತಾಯಿ ಬೀಡಿ ಸೇದಿದವರಲ್ಲ, ತಂಬಾಕು ಮುಟ್ಟಿದವರಲ್ಲ. ಮೂವತ್ತು ನಲವತ್ತು ವರ್ಷ ಕಟ್ಟಿಗೆಯ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವರು. ಅವರ ಏದುಸಿರಿಗೆ ವಯಸ್ಸು ಕಾರಣವಾಗಿರದೆ ಆ ಒಲೆಯ ಹೊಗೆ ಕಾರಣವಾಗಿರಬಹುದು. ಮುಪ್ಪಿನ ಹೆಸರಿನಲ್ಲಿ ಮರೆಯಾಗಿರುವ ಇಂತಹ ಕಾಯಿಲೆಗಳನ್ನು ಗುರುತಿಸಲು ಸಾಧ್ಯವಿದೆ, ಹತೋಟಿಯಲ್ಲಿಡಲೂ ಸಾಧ್ಯವಿದೆ. ಅದಕ್ಕೆ ಮೊದಲು ಉಸಿರು ನಮ್ಮೊಳಗೆ ಹೇಗೆ ಸಂಚರಿಸುತ್ತದೆಂಬುದನ್ನು ಅರಿಯಬೇಕು.

ಉಸಿರಿನ ಹಾದಿ

ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಪ್ರತಿ ಸಲ ಸುಮಾರು ಅರ್ಧ ಲೀಟರ್ ಗಾಳಿ ಒಳಗೆ ಹೋಗಿ ಹೊರಬರುತ್ತದೆ. ಒಂದು ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಉಸಿರುಗಳು. ನಾವು ಮಲಗಿದಾಗಲೂ ಈ ಕಾಯಕ ನಿಲ್ಲುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೊಂಚ ಹೆಚ್ಚಿದರೂ ಮೆದುಳಿನ ಬುಡದಲ್ಲಿರುವ ಕೇಂದ್ರವು ಅದನ್ನು ಅರಿತು ಉಸಿರಿನ ವೇಗವನ್ನು ಹೆಚ್ಚಿಸುತ್ತದೆ.

ಗಾಳಿಯನ್ನು ಒಳಗೆ ಸೆಳೆಯುವ ಮುಖ್ಯ ಸ್ನಾಯು ವಪೆ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತಿರುವ ಇದು ಕೆಳಗಿಳಿದಾಗ ಎದೆಗೂಡು ಹಿಗ್ಗಿ ಗಾಳಿ ಒಳನುಗ್ಗುತ್ತದೆ. ಸಡಿಲಗೊಂಡಾಗ ಗಾಳಿ ಹೊರಗೆ ಹೋಗುತ್ತದೆ. ಮೂಗು ಈ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವಗೊಳಿಸಿ ಮುಂದಕ್ಕೆ ಕಳುಹಿಸುತ್ತದೆ. ಬಾಯಿಯಿಂದ ಉಸಿರಾಡಬಾರದೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಅರ್ಥವಿದೆ.

ಮುಂದೆ ಶ್ವಾಸನಾಳವು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆಯುತ್ತದೆ. ತಲೆಕೆಳಗಾಗಿಸಿದ ಆಲದ ಮರವೊಂದನ್ನು ನೆನೆದರೆ ಅದರ ಚಿತ್ರ ಸಿಕ್ಕೀತು. ಕೊನೆಯ ಕೊಂಬೆಗಳ ತುದಿಯಲ್ಲಿ ಕೋಟ್ಯಂತರ ವಾಯುಕೋಶಗಳಿವೆ. ಅವೆಲ್ಲವನ್ನೂ ಬಿಡಿಸಿ ಹರಡಿದರೆ ಎಪ್ಪತ್ತು ಚದರ ಮೀಟರಿನಷ್ಟು, ಅಂದರೆ ಒಂದು ಸಾಧಾರಣ ಮನೆಯ ನೆಲದಷ್ಟು ವಿಸ್ತಾರವಾದೀತು. ಅತಿ ತೆಳುವಾದ ಅವುಗಳ ಗೋಡೆಯ ಮೂಲಕ ಆಮ್ಲಜನಕವು ರಕ್ತಕ್ಕೆ ಸೇರುತ್ತದೆ. ಇಂಗಾಲದ ಡೈಆಕ್ಸೈಡ್ ರಕ್ತದಿಂದ ಹೊರಬರುತ್ತದೆ. ಒಳಗೆಳೆದ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದ್ದರೆ, ಹೊರಬಿಟ್ಟ ಗಾಳಿಯಲ್ಲಿ ಅದು ಸುಮಾರು ಶೇ. 16ಕ್ಕೆ ಇಳಿದಿರುತ್ತದೆ.

ಈ ಹಾದಿಗೆ ಕಾವಲೂ ಉಂಟು. ಶ್ವಾಸನಾಳಗಳ ಒಳಗೋಡೆಯಲ್ಲಿ ಅಂಟಾದ ಲೋಳೆಯ ಪದರವಿದ್ದು, ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಸದಾ ಮೇಲ್ಮುಖವಾಗಿ ಬೀಸುತ್ತಿರುತ್ತವೆ. ಧೂಳು, ರೋಗಾಣುಗಳು ಲೋಳೆಗೆ ಅಂಟಿಕೊಂಡು ಗಂಟಲಿನತ್ತ ಸಾಗಿ ಹೊರಬೀಳುತ್ತವೆ. ಹೊಗೆಯು ಮೊದಲು ಕೆಡಿಸುವುದು ಈ ರೋಮಗಳನ್ನೇ. ಕಾವಲು ಸೋತ ಮೇಲೆ ಕಸವನ್ನು ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಕೆಮ್ಮು. ಆದುದರಿಂದ ದಿನವೂ ಬೆಳಗ್ಗೆ ಕಾಡುವ ಕೆಮ್ಮು, ಕಫಗಳನ್ನು ಕಡೆಗಣಿಸಬಾರದು.

ಉಬ್ಬಸ: ಬಂದು ಹೋಗುವ ಬಿಗಿತ

ಗೂರಲು, ಉಬ್ಬಸ, ಅಸ್ತಮಾ ಎಂದು ಕರೆಯಲಾಗುವ ಕಾಯಿಲೆಯಲ್ಲಿ ಶ್ವಾಸನಾಳಗಳ ಒಳಗೋಡೆ ಊದಿಕೊಂಡಿರುತ್ತದೆ. ಒಗ್ಗದ ವಸ್ತುವೊಂದು ತಾಗಿದೊಡನೆ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಲೋಳೆ ಹೆಚ್ಚುತ್ತದೆ, ಗಾಳಿ ಸಿಳ್ಳಿನ ಸದ್ದು ಮಾಡುತ್ತ ಹೊರಬರುತ್ತದೆ. ಸುಗ್ಗಿಯ ರಾಶಿಯ ಧೂಳು, ಹಾಸಿಗೆಯ ಧೂಳುಹುಳು, ಹೊಲದ ಬದುವಿನಲ್ಲಿ ಹಬ್ಬುವ ಕಾಂಗ್ರೆಸ್ ಕಸದ ಪರಾಗ, ತಂಪು ಹವೆ, ನೆಗಡಿ, ಊದುಬತ್ತಿಯ ಹೊಗೆ, ಇವುಗಳಲ್ಲಿ ಯಾವುದಾದರೂ ಒಬ್ಬೊಬ್ಬರಿಗೆ ಆಗಿಬರದಿರಬಹುದು. ರಾತ್ರಿ ಮತ್ತು ನಸುಕಿನಲ್ಲಿ ಬಾಧೆ ಹೆಚ್ಚು. ನಡುವಿನ ದಿನಗಳಲ್ಲಿ ವ್ಯಕ್ತಿ ಪೂರ್ಣ ಆರೋಗ್ಯವಂತನಂತೆಯೇ ಕಾಣಬಹುದು.

ಇದಕ್ಕೆ ಇಂದು ಉತ್ತಮ ಚಿಕಿತ್ಸೆ ಇದೆ. ಆದರೆ ಅದರ ಬಗ್ಗೆ ನಮ್ಮಲ್ಲಿ ಇರುವಷ್ಟು ಅಂಜಿಕೆ ಬಹುಶಃ ಬೇರಾವ ಔಷಧದ ಬಗ್ಗೆಯೂ ಇಲ್ಲ. "ಪಂಪು ಒಮ್ಮೆ ಹಿಡಿದರೆ ಬಿಡುವುದಿಲ್ಲ, ಅದು ಚಟವಾಗುತ್ತದೆ" ಎಂಬ ಮಾತು ಮನೆಮನೆಯಲ್ಲಿದೆ. ಮದುವೆ ವಯಸ್ಸಿನ ಹೆಣ್ಣುಮಕ್ಕಳು ಅದನ್ನು ಬಚ್ಚಿಟ್ಟುಕೊಂಡು ಬಳಸುವುದೂ ಉಂಟು. ಈ ಅಂಜಿಕೆಗೆ ಆಧಾರವಿಲ್ಲ. ಸಾಲ್ಬುಟಮಾಲ್ ಎಂಬ ಔಷಧವನ್ನೇ ನೋಡಿ. ಅದರ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ, ಇನ್‌ಹೇಲರಿನ ಒಂದು ಸೇದಿಕೆಯಲ್ಲಿ ಇರುವುದು 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ನಲವತ್ತನೆಯ ಒಂದು ಪಾಲು. ಔಷಧ ನೇರವಾಗಿ ಶ್ವಾಸನಾಳಕ್ಕೇ ತಲುಪುವುದರಿಂದ ಇಷ್ಟು ಅಲ್ಪ ಪ್ರಮಾಣ ಸಾಕಾಗುತ್ತದೆ. ಎದೆ ಬಡಿತ, ಕೈನಡುಕದಂತಹ ತೊಂದರೆಗಳೂ ಕಡಿಮೆ.

ಇನ್ನೊಂದು ಸೂಕ್ಷ್ಮವನ್ನು ತಿಳಿದಿರಬೇಕು. ಬಿಗಿತವನ್ನು ತಕ್ಷಣ ಸಡಿಲಿಸುವ ಔಷಧ ಬೇರೆ, ಒಳಗಿನ ಊತವನ್ನು ದಿನದಿನವೂ ತಗ್ಗಿಸುವ ಔಷಧ ಬೇರೆ. ಮೊದಲನೆಯದನ್ನಷ್ಟೇ ನೆಚ್ಚಿಕೊಂಡರೆ ಹೊಗೆ ಆರಿಸಿ ಬೆಂಕಿಯನ್ನು ಹಾಗೆಯೇ ಬಿಟ್ಟಂತೆ. ಎರಡನೆಯದನ್ನು ವೈದ್ಯರು ಹೇಳಿದಷ್ಟು ಕಾಲ, ಬಾಧೆ ಇಲ್ಲದ ದಿನಗಳಲ್ಲಿಯೂ ತೆಗೆದುಕೊಳ್ಳಬೇಕು. ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನೊಡನೆ ಔಷಧ ನುಂಗುವ ಪದ್ಧತಿಯನ್ನು ಬಹಳ ಜನ ಬಲ್ಲರು. ಇಂತಹ ನಂಬಿಕೆ ಯಾವುದೇ ಇರಲಿ, ಅದರ ಭರವಸೆಯ ಮೇಲೆ ನಿತ್ಯದ ಇನ್‌ಹೇಲರನ್ನು ನಿಲ್ಲಿಸುವುದು ಪ್ರಾಣಕ್ಕೇ ಎರವಾಗಬಲ್ಲದು.

ಹೊಗೆ ತಂದ ಏದುಸಿರು

ಆರಂಭದಲ್ಲಿ ನೆನೆದ ತಾಯಿಯ ಏದುಸಿರಿಗೆ ಕಾರಣವಾಗಿರಬಹುದಾದ ಕಾಯಿಲೆಯನ್ನು ವೈದ್ಯರು ಸಿಒಪಿಡಿ ಎನ್ನುತ್ತಾರೆ. ಇದರಲ್ಲಿ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುತ್ತವೆ. ವಾಯುಕೋಶಗಳ ಗೋಡೆಗಳು ಹರಿದು ಒಂದಾಗುತ್ತವೆ. ಉಬ್ಬಸದಂತೆ ಇದು ಬಂದು ಹೋಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಬೆಳೆಯುತ್ತದೆ. ಬೀಡಿ, ಸಿಗರೇಟು ಇದರ ದೊಡ್ಡ ಕಾರಣ. ಆದರೆ ನಮ್ಮ ಹಳ್ಳಿಗಳಲ್ಲಿ ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಯ ಹೊಗೆಯೂ ಅಷ್ಟೇ ಮುಖ್ಯ ಕಾರಣ. ಕಲ್ಲಿನ ಕ್ವಾರಿ, ಹತ್ತಿಯ ಜಿನ್ನು, ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರ ಶ್ವಾಸಕೋಶಗಳಿಗೂ ಧೂಳು, ಹೊಗೆಗಳಿಂದ ಅಪಾಯವಿದೆ.

ಸ್ಪೈರೋಮೆಟ್ರಿ ಎಂಬ ಸರಳ ಪರೀಕ್ಷೆ ಇದನ್ನು ಪತ್ತೆ ಮಾಡುತ್ತದೆ. ದೀರ್ಘವಾಗಿ ಉಸಿರೆಳೆದುಕೊಂಡು ಕೊಳವೆಯೊಳಗೆ ಬಲವಾಗಿ, ಪೂರ್ತಿಯಾಗಿ ಊದಬೇಕು, ಅಷ್ಟೇ. ಸೂಜಿ ಇಲ್ಲ, ನೋವಿಲ್ಲ. ಏದುಸಿರಿಗೆ ರಕ್ತಹೀನತೆ ಅಥವಾ ಹೃದಯದ ದೌರ್ಬಲ್ಯವೂ ಕಾರಣವಾಗಿರಬಹುದು. ಕಾಲು ಊದುವುದು, ಅಂಗಾತ ಮಲಗಲಾಗದಿರುವುದು ಹೃದಯದತ್ತ ಬೆರಳು ತೋರುತ್ತವೆ. ಆದಕಾರಣ ಊಹೆಗಿಂತ ಪರೀಕ್ಷೆ ಲೇಸು. ಹಾಳಾದ ವಾಯುಕೋಶಗಳು ಮರಳಿ ಬಾರವು ನಿಜ. ಆದರೆ ಹೊಗೆಯಿಂದ ದೂರವಾದರೆ, ಇನ್‌ಹೇಲರ್ ಬಳಸಿದರೆ, ವೈದ್ಯರ ಸಲಹೆಯಂತೆ ಪ್ರತಿವರ್ಷ ಫ್ಲೂ ಲಸಿಕೆ ಪಡೆದರೆ, ದಿನವೂ ತಾಳುವಷ್ಟು ನಡೆದರೆ, ಉಳಿದ ಶಕ್ತಿಯನ್ನು ಬಹುಕಾಲ ಕಾಪಾಡಿಕೊಳ್ಳಬಹುದು.

ತಡಮಾಡಬಾರದ ಸೂಚನೆಗಳು

ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಸಂಜೆಯ ಜ್ವರ, ತೂಕ ಇಳಿತ, ಕಫದಲ್ಲಿ ರಕ್ತ ಕಂಡರಂತೂ ಒಂದು ದಿನವೂ ಕಾಯಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಸಾಮಾನ್ಯ ಕ್ಷಯವು ಆರು ತಿಂಗಳ ಪೂರ್ಣ ಚಿಕಿತ್ಸೆಯಿಂದ ಗುಣವಾಗುತ್ತದೆ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕಾಗಿ ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು; 2024ರ ನವೆಂಬರಿನಿಂದ ಅದು 1000 ರೂಪಾಯಿಯಾಗಿದೆ. ಮುಚ್ಚಿಡುವುದರಿಂದ ರೋಗ ಮನೆಮಂದಿಗೆ ಹರಡುತ್ತದೆಯೇ ಹೊರತು ಮರ್ಯಾದೆ ಉಳಿಯುವುದಿಲ್ಲ.

ಕೆಮ್ಮು, ಜ್ವರವಿರುವ ಮಗುವಿನ ಉಸಿರನ್ನು ತಾಯಂದಿರು ಎಣಿಸಲು ಕಲಿಯಬೇಕು. ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರುಗಳಿದ್ದರೆ ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇರಿದರೆ, ಮಗು ಹಾಲು ಬಿಟ್ಟರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವಯಸ್ಕರಲ್ಲಿ ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಮಂಪರು, ಇವು ಕಂಡೊಡನೆ 108ಕ್ಕೆ ಕರೆ ಮಾಡಬೇಕು.

ಮನೆಯಿಂದಲೇ ಆರಂಭವಾಗಲಿ

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಅನಿಲ ಒಲೆ ತಲುಪಿದೆ. ಆದರೂ ಸ್ನಾನದ ನೀರಿಗೆ, ರೊಟ್ಟಿಗೆ ಕಟ್ಟಿಗೆಯ ಒಲೆ ಉರಿಯುತ್ತಲೇ ಇರುವ ಮನೆಗಳು ಕಡಿಮೆಯಿಲ್ಲ. ಅದು ಅನಿವಾರ್ಯವಾದರೆ ಒಲೆ ಮನೆಯ ಹೊರಗಿರಲಿ, ಹೊಗೆ ಹೋಗಲು ಚಿಮಣಿ ಇರಲಿ, ಒಣಗಿದ ಕಟ್ಟಿಗೆಯನ್ನೇ ಬಳಸಲಿ, ಎಳೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮುಂದೆ ಕೂರದಿರಲಿ. ದಾಸೋಹದ ಅಡುಗೆಮನೆಗಳಲ್ಲಿ ಸೇವೆ ಸಲ್ಲಿಸುವವರಿಗೂ ಈ ಮಾತು ಸಲ್ಲುತ್ತದೆ. ಉಣ್ಣುವವರ ತೃಪ್ತಿಯಂತೆ ಉಣಬಡಿಸುವವರ ಉಸಿರೂ ನಮ್ಮ ಹೊಣೆ. ಪೂಜಾಕೋಣೆಯಲ್ಲಿ ಧೂಪ ಹಾಕುವಾಗ ಕಿಟಕಿ ತೆರೆದಿರಲಿ. ಉಬ್ಬಸವಿರುವವರು ಮನೆಯಲ್ಲಿದ್ದರೆ ಧೂಪವಿಲ್ಲದೆಯೂ ಪೂಜೆ ಪೂರ್ಣವೆಂದು ತಿಳಿಯಬೇಕು.

ಪ್ರಾಣಾಯಾಮ ಒಳ್ಳೆಯದೇ. ವಪೆಯನ್ನು ಬಳಸಿ ನಿಧಾನವಾಗಿ ಉಸಿರಾಡುವುದು, ತುಟಿ ಕಿರಿದಾಗಿಸಿ ಊದುವಂತೆ ಉಸಿರು ಬಿಡುವುದು ಏದುಸಿರಿನವರಿಗೆ ನೆಮ್ಮದಿ ಕೊಡುತ್ತವೆ. ಆದರೆ ಅವು ಔಷಧಕ್ಕೆ ಜೊತೆಯಾಗಬೇಕೇ ವಿನಾ ಬದಲಿಯಾಗಬಾರದು. ಉಬ್ಬಸ ಕೆರಳಿದಾಗ ಕಪಾಲಭಾತಿಯಂತಹ ರಭಸದ ಕ್ರಿಯೆಗಳು ಬೇಡ.

ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ನೆಲೆಗೊಳಿಸಿದಾಗ ಉಸಿರು ತಾನಾಗಿಯೇ ತಿಳಿಯಾಗುವುದು ಸಾಧಕರ ಅನುಭವ. ಷಟ್‌ಸ್ಥಲದ ಕ್ರಮದಲ್ಲಿ ಪ್ರಸಾದಿಸ್ಥಲದ ನಂತರ ಬರುವುದು ಪ್ರಾಣಲಿಂಗಿಸ್ಥಲ. ಅನ್ನವನ್ನು ಪ್ರಸಾದವೆಂದು ಶುಚಿಯಾಗಿ ಸ್ವೀಕರಿಸುವ ನಾವು ಗಾಳಿಯನ್ನೂ ಹಾಗೆಯೇ ಸ್ವೀಕರಿಸಬೇಡವೇ? ಮುಂದಿನ ಸಲ ಮನೆಯ ಹಿರಿಯರು ಮೆಟ್ಟಿಲ ನಡುವೆ ನಿಂತು "ವಯಸ್ಸಾತು" ಎಂದರೆ, ಆ ಮಾತಿಗೆ ತಲೆದೂಗಿ ಸುಮ್ಮನಾಗದಿರೋಣ. ಅವರ ಕೈಹಿಡಿದು ದರ್ಶನ ಮಾಡಿಸೋಣ. ಮರುದಿನ ಅದೇ ಕೈ ಹಿಡಿದು ವೈದ್ಯರ ಬಳಿಗೂ ಕರೆದೊಯ್ಯೋಣ.